ನೆಲ ತೊಳೆಯುವ ಸೊಪ್ಪು, ಊಟಕ್ಕೆ ಬರುವ ಸೊಪ್ಪು

ಲೋಕಲ್ ಗಾಡಿಯ ಕಿಟಕಿಯ ಬಳಿ ಕುಳಿತು ವರ್ಷಗಟ್ಟಲೆ ಓಡಾಡಿದ ನಮ್ಮವರಲ್ಲಿ, ಹಳಿಗಳ ಬದಿಯ ಸೊಪ್ಪಿನ ಪಾತಿಗಳನ್ನು ಕಾಣದವರು ಯಾರೂ ಇರಲಾರರು. ಕುರ್ಲಾ, ವಿದ್ಯಾವಿಹಾರಗಳ ಆಸುಪಾಸಿನಲ್ಲಿ, ಹಾರ್ಬರ್ ಮಾರ್ಗದ ಇಕ್ಕೆಲಗಳಲ್ಲಿ, ಪಶ್ಚಿಮ ರೈಲ್ವೆಯ ಉಪನಗರಗಳಲ್ಲಿ ಪಾಲಕ್, ಮೆಂತ್ಯ, ಕೆಂಪು ಹರಿವೆ, ಮೂಲಂಗಿ, ಕೆಸುವಿನ ಎಲೆಗಳು ಕಣ್ಣಿಗೆ ತಂಪಾಗುವಂತೆ ಬೆಳೆದು ನಿಂತಿರುತ್ತಿದ್ದವು. ದೇಶಕ್ಕೆ ಆಹಾರದ ಕೊರತೆಯಿದ್ದ ಕಾಲದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಯೋಜನೆಯಡಿ ರೈಲ್ವೆಯು ತನ್ನ ಖಾಲಿ ನೆಲವನ್ನು ತನ್ನದೇ ನೌಕರರಿಗೆ ಅಲ್ಪ ಬಾಡಿಗೆಗೆ ಕೊಟ್ಟುದರ ಫಲವಾಗಿ ಹುಟ್ಟಿಕೊಂಡ ತೋಟಗಳಿವು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ನೀರು ಎಲ್ಲಿಂದ ಬರಬೇಕು? ಪಕ್ಕದಲ್ಲೇ ಹರಿಯುತ್ತಿದ್ದ ಗಟಾರದಿಂದ ಬಂತು. ಆ ಗಟಾರಕ್ಕೆ ಮನೆಗಳ ಕೊಳಚೆಯಷ್ಟೇ ಅಲ್ಲ, ಲೋಹಕ್ಕೆ ಮುಲಾಮು ಹಾಕುವ, ಬಣ್ಣ ಬೆರೆಸುವ, ಹಳೆಯ ಬ್ಯಾಟರಿ ಒಡೆಯುವ ಗಲ್ಲಿಗಲ್ಲಿಯ ಸಣ್ಣ ಕಾರಖಾನೆಗಳ ನೀರೂ ಸೇರುತ್ತಿತ್ತು. ಈ ಸೊಪ್ಪನ್ನು ಪರೀಕ್ಷೆಗೆ ಒಡ್ಡಿದವರು ಅದರಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದ ಭಾರಲೋಹಗಳನ್ನು ಕಂಡುದು ಆಶ್ಚರ್ಯದ ಸಂಗತಿಯೇನೂ ಅಲ್ಲ. ಈಚಿನ ವರ್ಷಗಳಲ್ಲಿ ರೈಲ್ವೆಯು ಈ ತೋಟಗಳನ್ನು ಹಲವೆಡೆ ತೆರವುಗೊಳಿಸಿದೆ. ಪಾತಿಗಳು ಹೋದರೂ ಅವುಗಳ ಕೆಳಗಿನ ಮಣ್ಣು ಮಾತ್ರ ಅಲ್ಲಿಯೇ ಇದೆ. ಆ ಮಣ್ಣನ್ನು ಏನು ಮಾಡಬೇಕೆಂಬುದೇ ಈ ಲೇಖನದ ವಿಚಾರ.

ವಿಷಲೋಹಗಳಿಂದ ಕೆಟ್ಟ ನೆಲವನ್ನು ಗಿಡಗಳಿಂದಲೇ ಶುದ್ಧಿ ಮಾಡಬಹುದೆಂಬ ಮಾತು ಈಗ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಇದನ್ನು ಸಸ್ಯಚಿಕಿತ್ಸೆ ಎಂದು ಕರೆಯೋಣ. ಗಣಿಗಾರಿಕೆಯಿಂದ ಹಾಳಾದ ಭೂಮಿಗೂ ಬಳಕೆಯಾಗುವ ಶಾಸ್ತ್ರವಿದು. ನಾನು ಇದರ ಪಕ್ಷಪಾತಿಯೇ ಹೌದು. ಆದರೆ ‘ನಾಲ್ಕು ಸಸಿ ನೆಟ್ಟರೆ ವಿಷ ಮಾಯ’ ಎಂಬ ಧಾಟಿಯಲ್ಲಿ ಇದನ್ನು ಹೊಗಳುವವರನ್ನು ಕಂಡರೆ ಭಯವಾಗುತ್ತದೆ. ಏಕೆಂದರೆ ಗಿಡವು ಮಣ್ಣಿನಿಂದ ಲೋಹವನ್ನು ಹೀರಿತೆಂದರೆ ಆ ಲೋಹ ನಾಶವಾಗಲಿಲ್ಲ. ಮಣ್ಣಿನಿಂದ ಎಲೆಗೆ ಬಂತು, ಅಷ್ಟೇ. ಎಲೆಯಿಂದ ಅದು ಎಲ್ಲಿಗೆ ಹೋಗಬೇಕೆಂಬುದನ್ನು ಮನುಷ್ಯ ನಿರ್ಧರಿಸಬೇಕು. ನಮ್ಮ ನಗರದ ಹಳಿಬದಿಯಲ್ಲಿ ಇಷ್ಟು ಕಾಲ ನಡೆದುದೂ ಒಂದು ಬಗೆಯ ಸಸ್ಯಚಿಕಿತ್ಸೆಯೇ. ಸೊಪ್ಪು ಮಣ್ಣಿನ ಲೋಹವನ್ನು ಹೀರಿತು, ನಾವು ಸೊಪ್ಪನ್ನು ತಿಂದೆವು. ಕೊಳೆಯನ್ನು ಹೊತ್ತೊಯ್ಯುವ ಬುಟ್ಟಿ ನಮ್ಮ ಹೊಟ್ಟೆಯಾಯಿತು.

ಗಿಡಗಳಿಗೆ ಈ ಶಕ್ತಿ ಹೇಗೆ ಬಂತು ಎಂಬುದು ಸ್ವಾರಸ್ಯದ ಕಥೆ. ಸತು, ತಾಮ್ರ, ಮ್ಯಾಂಗನೀಸ್‌ಗಳು ಅತ್ಯಲ್ಪ ಪ್ರಮಾಣದಲ್ಲಿ ಗಿಡಕ್ಕೆ ಬೇಕೇ ಬೇಕು. ಅವನ್ನು ಒಳಗೆ ಕರೆದೊಯ್ಯಲು ಬೇರಿನಲ್ಲಿ ಬಾಗಿಲುಗಳಿವೆ. ಕ್ಯಾಡ್ಮಿಯಂ ಸತುವಿನ ರೂಪವನ್ನೇ ಹೋಲುವುದರಿಂದ ಅದೇ ಬಾಗಿಲಿನಿಂದ ನುಸುಳುತ್ತದೆ. ಸಾಮಾನ್ಯ ಗಿಡಗಳು ಇಂತಹ ಲೋಹ ಹೆಚ್ಚಾದರೆ ಬಾಡಿ ಸಾಯುತ್ತವೆ. ಲೋಹದ ಅದಿರಿರುವ ನೆಲದಲ್ಲೇ ಯುಗಯುಗಾಂತರಗಳಿಂದ ಬೆಳೆದ ಕೆಲವು ಗಿಡಗಳು ಮಾತ್ರ ಅದನ್ನು ಎಲೆಯ ಜೀವಕೋಶದ ಒಂದು ಮೂಲೆಯ ಚೀಲದಲ್ಲಿ ಕಟ್ಟಿಹಾಕಿ ಸುಖವಾಗಿರುವುದನ್ನು ಕಲಿತಿವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಒಂದು ಕಾಡುಮರವಿದೆ. ಅದರ ತೊಗಟೆಯನ್ನು ಗೀರಿದರೆ ನೀಲಿ-ಹಸಿರು ಬಣ್ಣದ ಹಾಲು ಒಸರುತ್ತದೆ. ಆ ಹಾಲು ಒಣಗಿದ ಮೇಲೆ ಅದರ ತೂಕದ ಕಾಲುಭಾಗದಷ್ಟು ನಿಕಲ್ ಲೋಹವೇ ಇರುತ್ತದೆಂದು 1976ರಲ್ಲಿ ವಿಜ್ಞಾನಿಗಳು ತೋರಿಸಿದರು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಳೆಗಾಲದಲ್ಲಿ ಗಿರಗಾಂವ್, ಫೋರ್ಟ್, ಬೈಕಲಾ ಕಡೆಯ ಹಳೆಯ ಚಾಳುಗಳ ಗೋಡೆಯ ಬಿರುಕಿನಿಂದ ಉದ್ದುದ್ದ ಗರಿಗಳ ಜರಿಗಿಡವೊಂದು ಇಣುಕುವುದನ್ನು ತಾವು ಕಂಡಿರಬಹುದು. ಸುಣ್ಣದ ಗಾರೆ ಅದಕ್ಕೆ ಬಲು ಪ್ರಿಯ. ಇದೇ ಜಾತಿಯ ಜರಿಗಿಡವು ಆರ್ಸೆನಿಕ್ ಎಂಬ ಪಾಷಾಣವನ್ನು ಮಣ್ಣಿನಿಂದ ಹೀರಿ ಗರಿಗಳಲ್ಲಿ ತುಂಬಿಕೊಳ್ಳುತ್ತದೆಂದು ಅಮೆರಿಕದ ಫ್ಲೋರಿಡಾದಲ್ಲಿ ಲೇನಾ ಮಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಒಣಗಿದ ಗರಿಯ ತೂಕದಲ್ಲಿ ಶೇಕಡಾ 2ಕ್ಕೂ ಮಿಕ್ಕಿ ಆರ್ಸೆನಿಕ್ ಸೇರಿದುದೂ ಉಂಟು. ನಾವು ಕಳೆಯೆಂದು ಕಿತ್ತೆಸೆಯುವ ಗಿಡದಲ್ಲಿ ಇಂತಹ ಗುಣವಿರುವುದು ಕಂಡಾಗ ಮನಸ್ಸಿಗೆ ಒಂದು ಬಗೆಯ ಸಂಕೋಚವಾಗುತ್ತದೆ.

ಇನ್ನು ನಮ್ಮ ಅಡುಗೆಮನೆಯ ಸಾಸಿವೆ. ಒಗ್ಗರಣೆಗೆ ಸಿಡಿಯುವ ಈ ಬಡ ಕಾಳಿನ ಗಿಡ ಸಸ್ಯಚಿಕಿತ್ಸೆಯ ಜಗತ್ತಿನಲ್ಲಿ ಬಲು ದೊಡ್ಡ ಹೆಸರು ಪಡೆದಿದೆ. 1990ರ ದಶಕದಲ್ಲಿ ಅಮೆರಿಕದ ನ್ಯೂಜರ್ಸಿ ರಾಜ್ಯದ ಟ್ರೆಂಟನ್ ನಗರದಲ್ಲಿ, ಹಿಂದೆ ಬ್ಯಾಟರಿ ಕಾರಖಾನೆಯಿದ್ದು ಸೀಸದಿಂದ ಕೆಟ್ಟುಹೋಗಿದ್ದ ನೆಲದಲ್ಲಿ ಸಾಸಿವೆಯನ್ನು ಬೆಳೆದು ಪ್ರಯೋಗ ಮಾಡಿದರು. ಸೀಸವು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡಿರುವ ಲೋಹ. ಗಿಡ ಎಳೆದರೂ ಬಾರದು. ಆದುದರಿಂದ ಅದನ್ನು ಸಡಿಲಿಸುವ ರಾಸಾಯನಿಕವನ್ನು ಮಣ್ಣಿಗೆ ಬೆರೆಸಬೇಕಾಗುತ್ತದೆ. ಬೆರೆಸಿದಾಗ ಸಾಸಿವೆ ಚೆನ್ನಾಗಿ ಹೀರಿತು, ನಿಜ. ಆದರೆ ಸಡಿಲಗೊಂಡ ಸೀಸವೆಲ್ಲ ಗಿಡಕ್ಕೇ ಹೋಗುತ್ತದೆಂಬ ಭರವಸೆಯೇನು? ಮಳೆ ಬಂದರೆ ಅದು ಕೆಳಗಿಳಿದು ಬಾವಿಯ ನೀರನ್ನು ಸೇರಬಹುದೆಂಬ ಆಕ್ಷೇಪ ಬಂತು. ಇಂದು ಬಲ್ಲವರು ಈ ಮಾರ್ಗವನ್ನು ಬಹು ಎಚ್ಚರಿಕೆಯಿಂದ ಮಾತ್ರ ಹೇಳುತ್ತಾರೆ.

ರಾಸಾಯನಿಕ ಬೇಡ, ಗಿಡವನ್ನಷ್ಟೇ ನಂಬುವೆವೆಂದರೆ ಎಷ್ಟು ಕಾಲ ಬೇಕು? ಲೆಕ್ಕವನ್ನು ಮನೆಯಲ್ಲೇ ಹಾಕಿ ನೋಡಬಹುದು. ಒಂದು ಹೆಕ್ಟೇರ್ ನೆಲದ ಮೇಲಿನ ಒಂದು ಗೇಣಿನಷ್ಟು, ಎಂದರೆ 20 ಸೆಂಟಿಮೀಟರ್ ಮಣ್ಣು ಸುಮಾರು 2,600 ಟನ್ ತೂಗುತ್ತದೆ. ಒಂದು ಕಿಲೋ ಮಣ್ಣಿನಲ್ಲಿ 500 ಮಿಲಿಗ್ರಾಂ ಸೀಸವಿದ್ದು, ಅದನ್ನು 100ಕ್ಕೆ ಇಳಿಸಬೇಕೆಂದಿಟ್ಟುಕೊಳ್ಳಿ. ತೆಗೆಯಬೇಕಾದ ಸೀಸ 1,040 ಕಿಲೋ. ವರ್ಷಕ್ಕೆ 10 ಟನ್ ಒಣ ಸಾಸಿವೆಗಿಡ ಬಂದು, ಅದರ ಪ್ರತಿ ಕಿಲೋದಲ್ಲಿ 200 ಮಿಲಿಗ್ರಾಂ ಸೀಸ ಸೇರಿತೆಂದರೂ ವರ್ಷಕ್ಕೆ ತೆಗೆದಂತಾಗುವುದು 2 ಕಿಲೋ. ಕೆಲಸ ಮುಗಿಯಲು 520 ವರ್ಷ! ಕೃಷ್ಣದೇವರಾಯನು 1509ರಲ್ಲಿ ಪಟ್ಟವೇರಿದಾಗ ಬಿತ್ತನೆಯನ್ನು ಆರಂಭಿಸಿದ್ದರೆ ಈಗ ಕೊನೆಯ ಕೊಯಿಲಿನ ಹತ್ತಿರ ಬಂದಿರುತ್ತಿದ್ದೆವು. ಸಸಿ ನೆಡುವ ಸಮಾರಂಭದಲ್ಲಿ ಭಾಷಣ ಮಾಡುವ ಮಹನೀಯರು ಈ ಲೆಕ್ಕವನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗೆಂದು ನಿರಾಶರಾಗಬೇಕಿಲ್ಲ, ಲೋಹಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ಜಪಾನಿನ ಉದಾಹರಣೆಯನ್ನೇ ನೋಡಿ. ಅಲ್ಲಿಯ ತೊಯಾಮ ಪ್ರಾಂತದ ಜಿಂಜು ನದಿಗೆ ಕಾಮಿಯೋಕ ಎಂಬ ಗಣಿಯಿಂದ ಕ್ಯಾಡ್ಮಿಯಂ ಹರಿದುಬಂದು ಗದ್ದೆಗಳನ್ನು ಸೇರಿತು. ಆ ಗದ್ದೆಯ ಅಕ್ಕಿಯನ್ನುಂಡ ಹೆಂಗಸರು, ಅದರಲ್ಲೂ ಹಲವು ಮಕ್ಕಳನ್ನು ಹೆತ್ತ ವಯಸ್ಸಾದ ತಾಯಂದಿರು, ಮೂಳೆ ಮೆತ್ತಗಾಗಿ, ಕೆಮ್ಮಿದರೂ ಎಲುಬು ಮುರಿಯುವಂತಹ ಸ್ಥಿತಿಗೆ ಬಂದರು. ನೋವಿನಿಂದ ‘ಇತಾಯಿ, ಇತಾಯಿ’ ಎಂದು ಕೂಗುತ್ತಿದ್ದರಂತೆ. ನಮ್ಮ ಭಾಷೆಯಲ್ಲಿ ‘ಅಯ್ಯೋ, ಅಯ್ಯೋ’ ಎಂದ ಹಾಗೆ. ಅದೇ ರೋಗದ ಹೆಸರಾಯಿತು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಆ ಗದ್ದೆಗಳ ಮೇಲ್ಮಣ್ಣನ್ನು ತೆಗೆದು ಹೊಸ ಮಣ್ಣು ತುಂಬುವ ಕೆಲಸ ಮೂರು ದಶಕಗಳಿಗೂ ಮೀರಿ ನಡೆದು 2012ರಲ್ಲಿ ಮುಗಿಯಿತು. ಅದಕ್ಕೆ ತಗುಲಿದ ಖರ್ಚು ಅಪಾರ. ಈ ಅನುಭವವುಳ್ಳ ಜಪಾನಿನವರೇ ಇನ್ನೊಂದು ಮಾರ್ಗ ಹುಡುಕಿದರು. ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರುವ ಭತ್ತದ ತಳಿಯೊಂದನ್ನು ಕೆಟ್ಟ ಗದ್ದೆಯಲ್ಲಿ ಬೆಳೆದು, ಕಾಳನ್ನು ತಿನ್ನದೆ ಹುಲ್ಲುಸಹಿತ ಕೊಯ್ದು ಬೇರೆ ಸಾಗಿಸಿದರು. ಎರಡೇ ವರ್ಷದಲ್ಲಿ ಮಣ್ಣಿನ ಕ್ಯಾಡ್ಮಿಯಂ ಶೇಕಡಾ 38ರಷ್ಟು ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಭತ್ತವನ್ನು ಬೆಳೆಯುವುದು, ಆದರೆ ಉಣ್ಣದಿರುವುದು: ರೈತನ ಮನಸ್ಸಿಗೆ ಇದು ಎಷ್ಟು ಕಷ್ಟವೆಂಬುದನ್ನು ಊರಿನಲ್ಲಿ ಗದ್ದೆಯುಳ್ಳ ನಮ್ಮವರು ಬಲ್ಲರು.

ಕ್ಯಾಡ್ಮಿಯಂ ದೇಹವನ್ನು ಹೊಕ್ಕಿತೆಂದರೆ ಮೂತ್ರಪಿಂಡದಲ್ಲಿ ಹತ್ತಿಪ್ಪತ್ತು ವರ್ಷ ಬೀಡುಬಿಡುತ್ತದೆ. ಸೀಸವು ಮೂಳೆಯಲ್ಲಿ ಅಡಗಿರುತ್ತದೆ. ಬಸುರಿನಲ್ಲಿ ತಾಯಿಯ ಮೂಳೆಯಿಂದ ಕರಗಿ ಮಗುವಿಗೆ ಹೋಗುತ್ತದೆ, ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಹಿಂದೆ ವಾರಕ್ಕೆ ಇಷ್ಟು ಸೀಸ ದೇಹಕ್ಕೆ ಹೋದರೆ ತಡೆದುಕೊಳ್ಳಬಹುದೆಂಬ ಮಿತಿಯನ್ನು ಅಂತರರಾಷ್ಟ್ರೀಯ ತಜ್ಞರ ಸಮಿತಿ ಇಟ್ಟಿತ್ತು. 2010ರಲ್ಲಿ ಆ ಮಿತಿಯನ್ನೇ ಹಿಂತೆಗೆದುಕೊಂಡಿತು. ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ಇಂದಿನ ತಿಳಿವಳಿಕೆ. ಎಲೆಯ ತರಕಾರಿಗಳಿಗೆ ಕಿಲೋ ಒಂದಕ್ಕೆ 0.3 ಮಿಲಿಗ್ರಾಂ ಸೀಸ, 0.2 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಅಂತರರಾಷ್ಟ್ರೀಯ ಗರಿಷ್ಠ ಮಿತಿಗಳಿವೆ. ನಮ್ಮ ಗೃಹಿಣಿಯರು ಕೇಳುವ ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳಿಬಿಡುವುದು ವಾಸಿ. ಸೊಪ್ಪನ್ನು ಉಪ್ಪುನೀರಿನಲ್ಲೋ ಹುಣಿಸೆನೀರಿನಲ್ಲೋ ನಾಲ್ಕು ಸಲ ತೊಳೆದರೆ ಎಲೆಯ ಮೇಲೆ ಕುಳಿತ ಧೂಳು ಹೋಗುತ್ತದೆ. ಧೂಳಿನ ಸೀಸವೂ ಸ್ವಲ್ಪ ಹೋಗುವುದರಿಂದ ತೊಳೆಯುವುದು ವ್ಯರ್ಥವಲ್ಲ. ಎಲೆಯ ಒಳಗೆ ಸೇರಿದ ಲೋಹ ತೊಳೆದರೂ ಹೋಗದು, ಬೇಯಿಸಿದರೂ ಸಾಯದು. ಅದು ರೋಗಾಣುವಲ್ಲ, ಲೋಹ. ಗಟಾರದ ಅಂಚಿನಲ್ಲಿ ತಾನಾಗಿ ಬೆಳೆದ ಕೆಸುವನ್ನು ‘ಪುಕ್ಕಟೆ ಸಿಕ್ಕಿತು’ ಎಂದು ಪತ್ರೊಡೆಗೆ ತರುವ ಅಭ್ಯಾಸವನ್ನಂತೂ ನಮ್ಮ ಕರಾವಳಿಯವರು ಕೂಡಲೇ ಬಿಡಬೇಕು.

ದೇಶದಲ್ಲಿ ಸೀಸ ಬೆರೆತ ಪೆಟ್ರೋಲು 2000ದ ಫೆಬ್ರವರಿಯಲ್ಲಿ ನಿಂತಿತು. ಆದರೆ ಅದುವರೆಗೆ ದಶಕಗಳ ಕಾಲ ಹೊಗೆಯಲ್ಲಿ ಬಂದು ರಸ್ತೆ ಬದಿಯ ಮಣ್ಣಿಗಿಳಿದ ಸೀಸ ಎಲ್ಲಿಗೂ ಹೋಗಿಲ್ಲ. ಮುಂಬಯಿಯ ನೆಲ ಗಣಿಯ ನೆಲವಲ್ಲದಿದ್ದರೂ, ಗಣಿಯಿಂದ ತೆಗೆದ ಲೋಹವೆಲ್ಲ ಕೊನೆಗೆ ಬಂದು ಬೀಳುವುದು ಇಂತಹ ನಗರಗಳ ಮಣ್ಣಿಗೇ.

ಈ ಮಣ್ಣಿಗೆ ಯಾವ ಚಿಕಿತ್ಸೆ ಸಲ್ಲುತ್ತದೆ? ಮೇಲಿನ ಲೆಕ್ಕ ಹೇಳುವಂತೆ, ಸೀಸವನ್ನು ಹೀರಿ ತೆಗೆಯುವ ಆಸೆಯನ್ನು ಬಿಡಬೇಕು. ಗಿಡಗಳಿಂದ ಆಗುವ ಎರಡನೆಯ ಉಪಕಾರವೊಂದಿದೆ. ಅದು ಹೀರುವುದಲ್ಲ, ಹಿಡಿದಿಡುವುದು. ನೆಲವನ್ನು ದಟ್ಟವಾಗಿ ಮುಚ್ಚಿ ಧೂಳೇಳದಂತೆ, ಮಳೆನೀರಿನೊಂದಿಗೆ ಕೊಚ್ಚಿಹೋಗದಂತೆ ಬೇರುಗಳು ಲೋಹವನ್ನು ಇದ್ದಲ್ಲಿಯೇ ಕಟ್ಟಿಹಾಕುವುದು. ಇದಕ್ಕೆ ಒಳ್ಳೆಯ ಗಿಡ ನಮ್ಮ ಲಾವಂಚ. ಮೂರು ಮೀಟರ್ ಆಳಕ್ಕೂ ಬೇರಿಳಿಸುವ ಈ ಹುಲ್ಲು ಲೋಹದ ಬಹುಭಾಗವನ್ನು ಬೇರಿನಲ್ಲೇ ಇಟ್ಟುಕೊಂಡು ಮೇಲಿನ ಎಲೆಗೆ ಸ್ವಲ್ಪವನ್ನೇ ಬಿಡುತ್ತದೆ. ಚೀನಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳ ಗಣಿದಿಬ್ಬಗಳ ಮೇಲೆ ಇದನ್ನು ನೆಟ್ಟು ಪ್ರಯೋಜನ ಪಡೆದಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಬೇಸಗೆಯಲ್ಲಿ ಕುಡಿಯುವ ನೀರಿನ ಹೂಜಿಗೆ ಲಾವಂಚದ ಬೇರು ಹಾಕುವ ಪದ್ಧತಿ ನಮ್ಮಲ್ಲಿದೆ. ಕೆಟ್ಟ ನೆಲದ ಬೇರು ಆ ಹೂಜಿಯನ್ನು ಸೇರಕೂಡದು.

ನಗರದಲ್ಲಿಯೇ ನೆಲವನ್ನು ಹಸಿರಿನಿಂದ ಮುಚ್ಚಿದ ನಿದರ್ಶನ ನಮ್ಮ ಕಣ್ಣೆದುರಿಗಿದೆ. ಧಾರಾವಿಯ ಅಂಚಿನಲ್ಲಿ, ಮಿಠಿ ನದಿಯ ದಂಡೆಯಲ್ಲಿರುವ 37 ಎಕರೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನವು ಒಂದು ಕಾಲಕ್ಕೆ ನಗರದ ಕಸ ಸುರಿಯುವ ಜಾಗ. ಪಕ್ಷಿತಜ್ಞ ಸಲೀಂ ಅಲಿಯವರಂತಹವರ ಒತ್ತಾಸೆಯಿಂದ ಅಲ್ಲಿ ಗಿಡ ನೆಡಲಾಯಿತು. 1994ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ಸಯನ್-ಬಾಂದ್ರಾ ಜೋಡುರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಅದರ ಹಸಿರನ್ನು ಕಾಣುವವರಿಗೆ ಅದರಡಿ ಕಸದ ಗುಡ್ಡೆಯಿದೆಯೆಂದು ಹೇಳಿದರೆ ನಂಬಲಾರರು. ಠಾಣೆ ಖಾರಿಯ ಕಾಂಡ್ಲಾ ಗಿಡಗಳೂ ಇದೇ ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ ಮಾಡುತ್ತಿವೆ. ಕಾರಖಾನೆಗಳಿಂದ ಬಂದ ಲೋಹವನ್ನು ಅವುಗಳ ಬುಡದ ಕಪ್ಪು ಕೆಸರು ಗಂಧಕದೊಂದಿಗೆ ಕಟ್ಟಿ ಹಿಡಿದಿಟ್ಟುಕೊಂಡಿದೆ. ಕಾಂಡ್ಲಾವನ್ನು ಕಡಿದು ಆ ಕೆಸರನ್ನು ಕೆದಕಿದರೆ ಕಟ್ಟು ಬಿಚ್ಚಿಕೊಳ್ಳುತ್ತದೆ; ಮೀನಿನ ಮೂಲಕ ಅದು ನಮ್ಮ ಬಟ್ಟಲಿಗೇ ಹಿಂದಿರುಗುತ್ತದೆ.

ಮುಂಬಯಿಯಲ್ಲಿ ಕೊಳಕು ಹರಡಿಹೋಗಿದೆ. ಒಂದೆಡೆ ಗುಡ್ಡೆಗಟ್ಟಿ ನಿಂತ ಗಣಿಯ ವಿಷವನ್ನು ಕಾಣಬೇಕಾದರೆ ನಮ್ಮ ತಾಯ್ನಾಡಿನ ಕೋಲಾರದ ಚಿನ್ನದ ಗಣಿಗೆ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಗೆ ಬಂದ ಆ ಗಣಿಗಳು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕಿಳಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಅಲ್ಲಿಗೇ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಊರಿಂದ ಹೊರಗೆ ಹೋಯಿತು. ಅದಿರನ್ನು ಅರೆದು, ಸೈನೈಡಿನಲ್ಲಿ ತೊಳೆದು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬೂದುಬಣ್ಣದ ಮಡ್ಡಿ ಊರಿನಲ್ಲೇ ಉಳಿಯಿತು. 13 ದಿಬ್ಬಗಳು, ಒಟ್ಟು ಸುಮಾರು 3 ಕೋಟಿ 30 ಲಕ್ಷ ಟನ್. ಅಲ್ಲಿಯ ಜನ ಅದನ್ನು ಸೈನೈಡ್ ದಿಬ್ಬವೆನ್ನುತ್ತಾರೆ. ಸೈನೈಡಿನ ಬಹುಭಾಗ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಒಡೆಯದೆ ಉಳಿಯುವುದು ಅದಿರಿನೊಳಗಿದ್ದ ಭಾರಲೋಹ, ಮತ್ತು ಶ್ವಾಸಕೋಶವನ್ನು ಕೊರೆಯುವ ನುಣ್ಣನೆಯ ಶಿಲಾಧೂಳು. ಗಾಳಿಯ ತಿಂಗಳುಗಳಲ್ಲಿ ಈ ಧೂಳೆದ್ದು ಮನೆಯ ಹಿತ್ತಿಲು, ಒಣಹಾಕಿದ ಬಟ್ಟೆ, ಮುಚ್ಚದ ನೀರಿನ ಕೊಡ ಎಲ್ಲವನ್ನೂ ಸೇರುತ್ತದೆ. ಚಲನಚಿತ್ರದವರಿಗೆ ಮಾತ್ರ ಆ ದಿಬ್ಬಗಳು ಸುಂದರ ಮರಳುಗಾಡಾಗಿ ಕಂಡವು. ಹೊಡೆದಾಟದ ದೃಶ್ಯಗಳಿಗೆ ಬಲು ಒಪ್ಪಿದವು.

ಇಷ್ಟು ಅಗಾಧ ರಾಶಿಯಿಂದ ಲೋಹವನ್ನು ಗಿಡಗಳು ಹೀರಿ ಮುಗಿಸುತ್ತವೆಂದು ಯಾರಾದರೂ ಹೇಳಿದರೆ ಅವರು ದಿಬ್ಬವನ್ನು ನೋಡಿಲ್ಲವೆಂದೇ ಅರ್ಥ. ಬೇರು ಇಳಿಯುವುದು ಮೇಲಿನ ಕೆಲವು ಅಡಿಗಳಿಗೆ. ದಿಬ್ಬದ ಎತ್ತರವೋ ಹಲವು ಮಾಳಿಗೆಯ ಮನೆಯಷ್ಟು. ಅಲ್ಲಿ ಬೇಕಾದುದು ಹೊದಿಕೆ. ಆದರೆ ಆ ಮಡ್ಡಿಯಲ್ಲಿ ಗಿಡ ಬೆಳೆಯುವುದಾದರೂ ಹೇಗೆ? ಸಾರವಿಲ್ಲ, ನೀರು ನಿಲ್ಲದು, ಜೀವಾಣುಗಳಿಲ್ಲ. ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಹೋದರೆ ಮುಂದಿನ ಬೇಸಗೆಗೆ ಕಡ್ಡಿಯಷ್ಟೇ ಉಳಿಯುತ್ತದೆ.

ಇದಕ್ಕೆ ಉತ್ತರ ನಮ್ಮ ಮಹಾರಾಷ್ಟ್ರದಲ್ಲೇ ಇದೆ. ನಾಗಪುರದ ನೀರಿ ಸಂಸ್ಥೆಯವರು ಅಲ್ಲಿಗೆ ಸಮೀಪದ ಗುಮಗಾಂವ್‌ನ ಮ್ಯಾಂಗನೀಸ್ ಗಣಿಯ ಬಂಜರು ದಿಬ್ಬಗಳ ಮೇಲೆ ದಶಕಗಳ ಹಿಂದೆಯೇ ಕಾಡು ಬೆಳೆಸಿ ತೋರಿಸಿದ್ದಾರೆ. ಅವರ ಗುಟ್ಟು ಸರಳವಾದುದು. ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿಯನ್ನು ಗುಣಿಗೆ ತುಂಬಿದರು. ಗಾಳಿಯ ಸಾರಜನಕವನ್ನು ಬೇರಿಗೆ ಉಣಿಸುವ ಜೀವಾಣುಗಳನ್ನೂ, ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರವನ್ನೂ ಸಸಿಯೊಂದಿಗೆ ಇಟ್ಟರು. ಗಿಡ ಬದುಕಿತು, ಎಲೆ ಉದುರಿ ಮಣ್ಣಾಯಿತು. ಒಂದು ಕಾರಖಾನೆಯ ಕಸ ಇನ್ನೊಂದು ಗಣಿಯ ಕಸಕ್ಕೆ ಮದ್ದಾಯಿತು. ಮಂಡ್ಯದ ಕಬ್ಬಿನ ಮಡ್ಡಿಯನ್ನು ಕೋಲಾರಕ್ಕೆ ಸಾಗಿಸುವುದು ಚಿನ್ನದ ಅದಿರನ್ನು ಮೂರು ಕಿಲೋಮೀಟರ್ ಆಳದಿಂದ ಎತ್ತಿದ ನಾಡಿಗೆ ಅಸಾಧ್ಯವೇನೂ ಅಲ್ಲ. ಗಿಡಗಳನ್ನು ಆರಿಸುವಾಗ ಹೊಂಗೆ, ಗಾಳಿಮರ, ಲಾವಂಚಗಳಂತಹವನ್ನು ಆರಿಸಬೇಕು. ಹುಣಿಸೆ, ನೆಲ್ಲಿ, ನುಗ್ಗೆ ಬೇಡವೇ ಬೇಡ. ಬಡವರ ಊರಿನಲ್ಲಿ ಹಣ್ಣು ಬಿಡುವ ಮರ ನೆಟ್ಟು ‘ತಿನ್ನಬೇಡಿ’ ಎಂದು ಹಲಗೆ ಹಾಕುವುದು ಅನ್ಯಾಯ. ಮೇಕೆಗಳನ್ನೂ ದೂರವಿಡಬೇಕು, ಮೇಕೆ ಮೇಯ್ದ ಸೊಪ್ಪು ಹಾಲಾಗಿ ಮಾಂಸವಾಗಿ ಮನೆಗೆ ಬರುತ್ತದೆ.

ಈ ಮಾತಿಗೆ ಈಗ ಒಂದು ಆತುರವೂ ಕೂಡಿಕೊಂಡಿದೆ. ದಿಬ್ಬಗಳ ಮಡ್ಡಿಯಲ್ಲಿ ಅಳಿದುಳಿದ ಚಿನ್ನವನ್ನು ಮತ್ತೆ ಸೋಸಿ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನಿನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ನೀಡಿತು. ಸುಮಾರು 1,003 ಎಕರೆಯ ವಿಚಾರ. ಊರಿಗೆ ಕೆಲಸ ಬಂದರೆ ಸಂತೋಷವೇ. ಆದರೆ ವರ್ಷಗಳಿಂದ ಅಷ್ಟೋ ಇಷ್ಟೋ ಗಟ್ಟಿಯಾಗಿ ಕುಳಿತ ರಾಶಿಯನ್ನು ಕೆದಕಿದರೆ ಧೂಳು ಹೊಸದಾಗಿ ಏಳುತ್ತದೆ, ಚಿನ್ನ ಹೋದ ಮೇಲೆಯೂ ಅಷ್ಟೇ ಟನ್ ಮಡ್ಡಿ ಉಳಿಯುತ್ತದೆ. ಎಷ್ಟು ಎಕರೆ ಕೆದಕಿದರೆ ಅಷ್ಟು ಎಕರೆಯನ್ನು ಮುಂದಿನ ಮಳೆಗಾಲದೊಳಗೆ ಹೊದಿಸಬೇಕೆಂಬ ಕರಾರು, ಅದಕ್ಕಾಗಿ ಮುಂಗಡ ಠೇವಣಿ ಇರತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಕರಾರಿಲ್ಲದ ಹಸಿರು ಹಿಂದೆಯೂ ಬಂದಿಲ್ಲ.

ಇನ್ನೊಂದು ಊರನ್ನು ಹೇಳದಿದ್ದರೆ ತಪ್ಪಾದೀತು. ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಮಂಗಳೂರು ಎಂಬ ಊರಿದೆ, ನಮ್ಮ ಕರಾವಳಿಯ ಮಂಗಳೂರಲ್ಲ. ಅಲ್ಲಿಯೂ ಹಿಂದೆ ಚಿನ್ನ ತೆಗೆದಿದ್ದರು. ಆ ಸೀಮೆಯ ಕಿರದಳ್ಳಿ ತಾಂಡಾದ ಲಂಬಾಣಿ ಜನರ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಕಲೆಗಳು ಎದ್ದುವು. ಅದು ಕೊಳವೆಬಾವಿಯ ನೀರಿನ ಆರ್ಸೆನಿಕ್ ಎಂದು ತಿಳಿದುಬಂತು. 2013ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಆ ಜಿಲ್ಲೆಗಳಿಂದ ಬೇಸಗೆ ಬೇಸಗೆಗೂ ಮುಂಬಯಿಗೆ ಗುಳೆ ಬಂದು ಕಟ್ಟಡಗಳ ಇಟ್ಟಿಗೆ ಹೊರುವವರು ನಮ್ಮದೇ ಭಾಷೆಯವರು; ನಮ್ಮ ಸಂಘದ ಸಭೆಗೆ ಮಾತ್ರ ಅವರು ಬಂದುದನ್ನು ನಾನು ಕಂಡಿಲ್ಲ. ಚಾಳಿನ ಗೋಡೆಯ ಜರಿಗಿಡವನ್ನು ಅಲ್ಲಿ ನೆಟ್ಟರಾಯಿತೆಂದು ಯಾರಿಗಾದರೂ ತೋರಬಹುದು. ಆ ಗಿಡಕ್ಕೆ ನೆರಳು ಬೇಕು, ತೇವ ಬೇಕು. ಸುರಪುರದ ಬಿಸಿಲಿಗೆ ಅದು ತಾನಾಗಿ ಬಾಳದು. ಅಲ್ಲದೆ ಬಂಡೆಯೊಳಗಿನಿಂದ ಬಾವಿಗೆ ಬರುವ ವಿಷಕ್ಕೆ ಗಿಡ ಏನು ಮಾಡೀತು? ಅಲ್ಲಿ ಮೊದಲು ಬೇಕಾದುದು ಬೇರೆ ಕಡೆಯಿಂದ ಒಳ್ಳೆಯ ನೀರು. ಗಿಡದ ಮಾತು ಆಮೇಲೆ.

ಮತ್ತೆ ಮುಂಬಯಿಗೆ ಬರೋಣ. ತೆರವಾದ ಹಳಿಬದಿಯ ನೆಲ ಕಸದ ತೊಟ್ಟಿಯಾಗದಂತೆ, ಮತ್ತೆ ಸೊಪ್ಪಿನ ಪಾತಿಯಾಗದಂತೆ ನೋಡಿಕೊಳ್ಳಬೇಕಾದರೆ ತಿನ್ನದ ಬೆಳೆಯನ್ನು ಅಲ್ಲಿ ಬೆಳೆಯಬೇಕು: ಲಾವಂಚ, ಕಣಗಿಲೆ, ದಾಸವಾಳ, ಚೆಂಡುಹೂ. ಚೆಂಡುಹೂವೆಂದೊಡನೆ ದಾದರ್‌ನ ಹೂಮಾರುಕಟ್ಟೆ ನೆನಪಾಗುತ್ತದೆ. ದಸರೆಗೆ ಈ ನಗರ ಎಷ್ಟು ಚೆಂಡುಹೂ ಕೊಳ್ಳುತ್ತದೆಂದು ಬಲ್ಲೆವು. ಆದರೆ ದೇವರಿಗೆ ಏರಿಸಿದ ಹೂವು ನಿರ್ಮಾಲ್ಯವಾಗಿ ಗೊಬ್ಬರದ ಗುಂಡಿಗೆ, ಅಲ್ಲಿಂದ ಮತ್ತೆ ಯಾರದೋ ತರಕಾರಿ ತೋಟಕ್ಕೆ ಹೋಗುತ್ತದೆ. ಆದುದರಿಂದ ಹೂವಿಗಿಂತ ಲಾವಂಚದ ಕಡೆಗೇ ನನ್ನ ಒಲವು. ಕತ್ತರಿಸಿದ ಸೊಪ್ಪುಸದೆಯನ್ನು ಹಾದಿಬದಿಯಲ್ಲಿ ಸುಡಬಾರದು. ಇಂತಹ ಅಪಾಯದ ಕಸಕ್ಕಾಗಿಯೇ ತಳೋಜಾದಲ್ಲಿ ಸ್ಥಳವಿದೆ. ಹಿಂದೆ ಪಾತಿ ಮಾಡಿ ಜೀವನ ಸಾಗಿಸುತ್ತಿದ್ದ ಕೂಲಿಯವರಿಗೆ ಈ ಕೆಲಸವನ್ನೇ ಸಂಬಳಕ್ಕೆ ಕೊಡಬೇಕು. ಅವರನ್ನು ಕಳ್ಳರಂತೆ ಓಡಿಸಿದರೆ ಅವರು ಇನ್ನೊಂದು ಗಟಾರದ ದಂಡೆಯನ್ನು ಹುಡುಕಿಕೊಳ್ಳುತ್ತಾರೆ. ಹೊಟ್ಟೆ ಎಲ್ಲರಿಗೂ ಒಂದೇ.

ನಮ್ಮವರ ಕೈಯಲ್ಲಿ ಇನ್ನೂ ಒಂದು ಬಲವಿದೆ. ಈ ನಗರದ ಉಡುಪಿ ಹೋಟೆಲುಗಳಲ್ಲಿ ನಿತ್ಯವೂ ಬೇಯುವ ಪಾಲಕ್, ಕೊತ್ತಂಬರಿಗಳ ರಾಶಿ ಸಣ್ಣದಲ್ಲ. ಒಳ್ಳೆಯ ಮಾತನ್ನೂ ಹೇಳಬೇಕು: ನಗರಕ್ಕೆ ಬರುವ ಸೊಪ್ಪಿನಲ್ಲಿ ಬಹುಪಾಲು ನಾಶಿಕ, ಪುಣೆಗಳ ಕಡೆಯ ಹೊಲಗಳಿಂದ ವಾಶಿಯ ಮಾರುಕಟ್ಟೆಗೆ ಬಂದದ್ದು. ಎಲ್ಲ ಸೊಪ್ಪನ್ನೂ ಸಂಶಯದಿಂದ ನೋಡಿ ಹಸಿರನ್ನೇ ಬಿಟ್ಟುಬಿಡುವುದು ಆರೋಗ್ಯಕ್ಕೆ ಇನ್ನೊಂದು ಕೇಡು. ಕೇಳಬೇಕಾದ ಪ್ರಶ್ನೆ ಒಂದೇ, ‘ಇದು ಎಲ್ಲಿಯ ಮಾಲು?’ ಎಂಬುದು. ನಾನು ಒಮ್ಮೆ ನಮ್ಮ ಬೀದಿಯ ಭಾಜಿವಾಲಿಯನ್ನು ಕೇಳಿದಾಗ ಆಕೆ ನಕ್ಕು, ‘ಇಷ್ಟು ವರ್ಷ ತಿಂದಿರಲ್ಲ ಸಾಹೇಬ್, ಈಗ ಯಾಕೆ ಕೇಳುತ್ತೀರಿ?’ ಎಂದಳು. ಉತ್ತರಿಸಲಾಗಲಿಲ್ಲ. ಹೋಟೆಲಿನ ಯಜಮಾನರು ಕೇಳಿದರೆ ನಗುವವರಾರೂ ಇರಲಾರರು. ಮರುದಿನದ ವ್ಯಾಪಾರದ ಮಾತದು.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸೂಚನೆಯಿದೆ. ಪ್ರತಿವರ್ಷದ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸುತ್ತೇವೆ. ಈ ವರ್ಷ ಅದರೊಂದಿಗೆ ಸದಸ್ಯರ ಹತ್ತು ಹೋಟೆಲುಗಳ ಅಡುಗೆಮನೆಯಿಂದ ಒಂದೊಂದು ಕಟ್ಟು ಪಾಲಕ್, ಹಳಿಬದಿಯ ಹತ್ತು ಕಡೆಯಿಂದ ಒಂದೊಂದು ಹಿಡಿ ಮಣ್ಣು ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಎರಡನ್ನೇ ಅಳೆಯಿಸೋಣ. ಹೆಸರುಗಳನ್ನು ಪ್ರಕಟಿಸುವ ಅಗತ್ಯವಿಲ್ಲ. ಅಂಕಿಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿದರೆ ಸಾಕು. ಪ್ರತಿ ಕಟ್ಟನ್ನೂ ಎರಡು ಪಾಲು ಮಾಡಿ, ಒಂದನ್ನು ತೊಳೆದು, ಇನ್ನೊಂದನ್ನು ತೊಳೆಯದೆ ಕೊಡಬೇಕು. ಈ ಕೆಲಸ ಮೇ ತಿಂಗಳೊಳಗೆ ಆಗಬೇಕು. ಜೂನಿನ ಮಳೆ ಬಂದರೆ ಎಲೆಯ ಮೇಲಿನ ಧೂಳನ್ನು ಅದೇ ತೊಳೆದುಬಿಡುತ್ತದೆ, ನಮ್ಮ ಲೆಕ್ಕ ತಪ್ಪುತ್ತದೆ.